ಹಚ್ಚದ ಅರಿಸಿನ

ಅತ್ತೆ ದೇವಿರಮ್ಮನವರ ಕುತ್ತಿಗೆಯ ಉಸ್ತುವಾರಿ ಸೊಸೆ ಶಾಲಿನಿಯ ಪಾಲಿಗೆ ಬಂದದ್ದು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಆ ಮನೆಯಲ್ಲಿ ಚರ್ಮದ ವಿಷಯ ಏನೇ ಬಂದರೂ ಅದು ಶಾಲಿನಿಗೇ ಸೇರಿದ್ದು. ಕುಂಬಾರಕೊಪ್ಪಲಿನ ಆ ಮನೆಯ ಮುಂದಿನ ಕೋಣೆಯಲ್ಲಿ ಆರು ವರ್ಷದಿಂದ ಅವಳ ಬ್ಯೂಟಿ ಪಾರ್ಲರ್ ನಡೆಯುತ್ತಿತ್ತು. ಒಂದು ಎತ್ತರದ ಕುರ್ಚಿ, ಗೋಡೆಯುದ್ದದ ಕನ್ನಡಿ, ಗಾಜಿನ ಬೀರುವಿನಲ್ಲಿ ಸಾಲಾಗಿ ಡಬ್ಬಿಗಳು, ಮೂರು ತಿಂಗಳ ಕೋರ್ಸಿನ ಸರ್ಟಿಫಿಕೇಟಿಗೆ ಚಿನ್ನದ ಬಣ್ಣದ ಫ್ರೇಮು. ಬೀದಿಯ ಹೆಂಗಸರು ಮೊಡವೆಗೆ, ಕಣ್ಣಿನ ಸುತ್ತಲ ಕಪ್ಪಿಗೆ, ಒಡೆದ ಹಿಮ್ಮಡಿಗೆ ಅವಳನ್ನೇ ಕೇಳುತ್ತಿದ್ದರು. ಕೇಳಿದವರಿಗೆಲ್ಲ ಉತ್ತರ ಕೊಟ್ಟೂ ಕೊಟ್ಟೂ, ತನಗೆ ಗೊತ್ತಿಲ್ಲದ ಚರ್ಮ ಈ ಮೈಸೂರಿನಲ್ಲೇ ಇಲ್ಲ ಎಂಬಷ್ಟು ಧೈರ್ಯ ಅವಳಿಗೆ ಬಂದುಬಿಟ್ಟಿತ್ತು.

ದೇವಿರಮ್ಮ ನಲವತ್ತು ವರ್ಷ ಎಲೆಅಡಿಕೆಯ ಜೊತೆ ತಂಬಾಕಿನ ಕಡ್ಡಿಪುಡಿ ಹಾಕಿದವರು. ಎಡಗೆನ್ನೆಯೊಳಗೆ ಎದ್ದ ಹುಣ್ಣು ವಾಸಿಯಾಗದೆ ಕಡೆಗೆ ಕ್ಯಾನ್ಸರ್ ಎಂದಾಯಿತು. ಆಪರೇಷನ್ ಮಾಡಿ ತೆಗೆದರು. ಮಾತು ಸ್ವಲ್ಪ ತೊದಲತೊಡಗಿತು. ಆಮೇಲೆ ಮೂವತ್ತು ದಿನದ ರೇಡಿಯೇಷನ್, ಜನ ಆಡುವ ಮಾತಿನಲ್ಲಿ ಕರೆಂಟು. ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಬೆಳಿಗ್ಗೆ ಆಟೋದಲ್ಲಿ ಆಸ್ಪತ್ರೆಗೆ ಹೋಗಿ, ಮುಖಕ್ಕೆ ಬಲೆಯಂಥ ಮುಖವಾಡ ಬಿಗಿಸಿಕೊಂಡು ಹತ್ತು ನಿಮಿಷ ಅಲ್ಲಾಡದೆ ಮಲಗಿ ಬರಬೇಕು.

ಮೊದಲ ದಿನವೇ ಅಲ್ಲಿನ ನರ್ಸ್ ವಾಣಿ ಶಾಲಿನಿಯನ್ನು ಪಕ್ಕಕ್ಕೆ ಕರೆದು ಹೇಳಿದ್ದಳು.

"ನೋಡಿ, ಕುತ್ತಿಗೆ ಚರ್ಮ ಕಪ್ಪಾಗುತ್ತೆ, ಉರಿಯುತ್ತೆ, ಸುಲೀಬಹುದು. ಸೋಪು ಬೇಡ, ಪೌಡರ್ ಬೇಡ, ಎಣ್ಣೆ ಬೇಡ, ಅರಿಸಿನ ಬೇಡ. ಘಮ್ ಅನ್ನೋದು ಯಾವುದೂ ಬೇಡ. ಉಗುರು ಬೆಚ್ಚಗಿನ ನೀರಲ್ಲಿ ತೊಳ್ದು ಒತ್ತಿ ಒರಸಿ, ತಿಕ್ಕಬೇಡಿ. ಈ ಟ್ಯೂಬ್ ಮಾತ್ರ ಹಚ್ಚಿ, ಅದೂ ಕರೆಂಟ್ ಕೊಟ್ಟಾದ್ಮೇಲೆ. ಗೊತ್ತಾಯ್ತಾ?"

"ನಾನು ಬ್ಯೂಟಿಷಿಯನ್ನೇ, ಮೇಡಂ," ಎಂದಳು ಶಾಲಿನಿ.

"ಹಾಗಾದ್ರೆ ನಿಮ್ಗೆ ಎರಡು ಸಲ ಹೇಳ್ಬೇಕು," ಎಂದು ವಾಣಿ ನಗುತ್ತಲೇ ಎಲ್ಲವನ್ನೂ ಮತ್ತೆ ಒಪ್ಪಿಸಿದಳು. ಆ ನಗು ಶಾಲಿನಿಗೆ ಹಿಡಿಸಲಿಲ್ಲ. ಟ್ಯೂಬು ನೋಡಿದರೆ ಬಣ್ಣವಿಲ್ಲ, ವಾಸನೆಯಿಲ್ಲ. ಇಂಥದ್ದನ್ನು ತನ್ನ ಪಾರ್ಲರಿನಲ್ಲಿ ಇಟ್ಟರೆ ಯಾರೂ ಮೂಸಿಯೂ ನೋಡುವುದಿಲ್ಲ ಎಂದುಕೊಂಡಳು. ಆದರೂ ಮೂರು ವಾರ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದಳು.

ಹದಿಮೂರನೆಯ ದಿನದ ಹೊತ್ತಿಗೆ ಕುತ್ತಿಗೆ ಕೆಂಪಾಗಿ, ಆಮೇಲೆ ಕಪ್ಪಾಯಿತು. ಎಡಗೆನ್ನೆಯ ಕೆಳಗಿಂದ ಕಾಲರ್ ಮೂಳೆಯವರೆಗೆ ಸುಟ್ಟ ಬದನೆಕಾಯಿಯ ಸಿಪ್ಪೆಯ ಬಣ್ಣ. ಬಾಯೊಳಗೂ ಹುಣ್ಣು. ಮನೆಮಂದಿ ಮುದ್ದೆ ಬಸ್ಸಾರು ಉಣ್ಣುವಾಗ ದೇವಿರಮ್ಮ ಆರಿದ ರಾಗಿ ಅಂಬಲಿಯನ್ನು ಚಮಚದಲ್ಲಿ ಕುಡಿಯುತ್ತ ಕೂರುತ್ತಿದ್ದರು. ಗಂಡ ಕೃಷ್ಣಪ್ಪ ಸಿಟಿ ಬಸ್ಸಿನ ಕಂಡಕ್ಟರ್ ಆಗಿ ರಿಟೈರ್ ಆದವರು. ಅವರ ಗಂಟಲು ಇನ್ನೂ ರಿಟೈರ್ ಆಗಿರಲಿಲ್ಲ.

"ಲೇ, ಇನ್ನೊಂದು ಲೋಟ ಕುಡಿಯೇ! ಹಿಂಗೆ ಹಕ್ಕಿ ತಿಂದಂಗೆ ತಿಂದ್ರೆ ಡಾಕ್ಟ್ರು ನಮಗ್ ಬೈತಾರೆ!"

"ಮೆಲ್ಲಗೆ ಮಾತಾಡ್ರೀ," ದೇವಿರಮ್ಮ ತೊದಲಿದರು. "ಮುಂದಿನ ಸ್ಟಾಪಲ್ಲಿ ಇಳಿಯೋರ್ಗೂ ಕೇಳಿಸ್ತದೆ."

ಎಲ್ಲ ನಕ್ಕರು. ಅಲ್ಲಿಯವರೆಗೆ ಮನೆ ಹಾಗೂ ಹೀಗೂ ನಡೆಯುತ್ತಿತ್ತು.

ಕೆಟ್ಟದ್ದು ಶುರುವಾದದ್ದು ಒಂದು ಶುಕ್ರವಾರ ಸಂಜೆ, ರಾಜೀವನಗರದಿಂದ ದೇವಿರಮ್ಮನ ಮಗಳು ಕುಸುಮ ಬಂದಾಗ. ಅವಳ ಮಗಳು ಲಾಸ್ಯಳ ನಿಶ್ಚಿತಾರ್ಥಕ್ಕೆ ಮೂರು ವಾರ ಉಳಿದಿತ್ತು. ಕುಸುಮ ಕಾಫಿ ಕುಡಿದಳು, ಛತ್ರದ ಮಾತಾಡಿದಳು, ಅಡುಗೆಯವರ ಮಾತಾಡಿದಳು. ಆಮೇಲೆ ಅಮ್ಮನ ಕುತ್ತಿಗೆಯನ್ನು ನೋಡಿಯೂ ನೋಡದ ಹಾಗೆ ಹೇಳಿದಳು.

"ಅಮ್ಮಾ, ನಿನಗೆ ಸುಸ್ತು. ಅಲ್ಲಿ ಜನ ಜಾಸ್ತಿ. ನಿಶ್ಚಿತಾರ್ಥಕ್ಕೆ ಬರ್ದೇ ಇದ್ರೂ ಪರ್ವಾಗಿಲ್ಲ ಕಣಮ್ಮ. ಮದುವೆಗೆ ಬಂದ್ರಾಯ್ತು."

"ಅಜ್ಜಿ ಬರ್ದೇ ನಿಶ್ಚಿತಾರ್ಥನಾ?" ಎಂದ ಸುನಿಲ್. ಶಾಲಿನಿಯ ಗಂಡ, ಮೇಟಗಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಆಗ ತಾನೆ ಬಂದು ಬೂಟು ಬಿಚ್ಚುತ್ತಿದ್ದ.

"ಗಂಡಿನ ಕಡೆಯವರು ಏನು ಎತ್ತ ಅಂತ ಕೇಳ್ತಾರೆ ಕಣೋ. ಈ ಕಾಯಿಲೆ ಅಂದ್ರೆ ವಂಶದಲ್ಲೇ ಇದೆಯೇನೋ ಅನ್ಕೋತಾರೆ. ನನ್ನ ಕಷ್ಟ ನಿನಗೇನು ಗೊತ್ತು?"

ದೇವಿರಮ್ಮ ಸೆರಗನ್ನು ಕುತ್ತಿಗೆಯ ಸುತ್ತ ಎಳೆದುಕೊಂಡು, "ಕಾಫಿ ಇನ್ನೊಂದೀಟು ಕೊಡವ್ವ ಅವಳಿಗೆ," ಎಂದರು.

ಮರುದಿನ ಶನಿವಾರ. ಕರೆಂಟಿಗೆ ರಜ. ಸುನಿಲ್ ಕೆಲಸಕ್ಕೆ ಹೋಗಿದ್ದ, ಕೃಷ್ಣಪ್ಪ ಅರಳಿಕಟ್ಟೆಯ ಸ್ನೇಹಿತರ ಬಳಿ. ಶಾಲಿನಿ ಪಾರ್ಲರ್ ಗುಡಿಸುತ್ತಿದ್ದಾಗ ದೇವಿರಮ್ಮ ಬಾಗಿಲಲ್ಲಿ ಬಂದು ನಿಂತರು. ಆರು ವರ್ಷದಲ್ಲಿ ಆ ಕೋಣೆಯ ಕುರ್ಚಿಯಲ್ಲಿ ಅವರು ಒಮ್ಮೆಯೂ ಕೂತವರಲ್ಲ.

"ಶಾಲಿನೀ, ಬಿಸ್ಲಲ್ಲಿ ಕಪ್ಪಾದ ಹುಡ್ಗೀರ್ನ ಬೆಳ್ಳಗ್ ಮಾಡ್ತೀಯಲ್ಲ, ಆ ಡಬ್ಬಿ ಅದಲ್ಲ, ನಂಗೂ ಒಂದೀಟು ಹಚ್ಚವ್ವ."

"ಅಯ್ಯೋ, ಅದು ಬೇರೆ ಕಪ್ಪು ಅತ್ತೆ. ಆಸ್ಪತ್ರೆಯವರು ಏನೂ ಹಚ್ಬೇಡಿ ಅಂದಿದಾರೆ."

"ನಿಂಗೇ ಗೊತ್ತಾಗಲ್ವಾ? ನೀನು ಓದಿರೋಳು. ಪೂರಾ ಹೋಗ್ದೇ ಇದ್ರೂ ಬ್ಯಾಡ. ನೋಡ್ದೋರು ಮುಖ ತಿರುಗಿಸ್ದೇ ಇದ್ರೆ ಸಾಕು. ನನ್ ಮೊಮ್ಮಗಳಿಗೆ ಆರತಿ ಎತ್ತಬೇಕು ಕಣವ್ವ ನಾನು."

ನಿಂಗೇ ಗೊತ್ತಾಗಲ್ವಾ ಎಂಬ ಮಾತೇ ಶಾಲಿನಿಯನ್ನು ಕೆಡಿಸಿದ್ದು. ನರ್ಸು ಹೇಳಿದ್ದನ್ನು ಮನಸ್ಸಿನಲ್ಲೇ ಎಣಿಸಿದಳು. ಸೋಪು, ಪೌಡರು, ಎಣ್ಣೆ, ಅರಿಸಿನ. ಕಪ್ಪು ತೆಗೆಯುವ ಪ್ಯಾಕ್ ಅಂತೂ ಹೇಳಿರಲಿಲ್ಲ. ಘಮ್ ಅನ್ನುವುದರ ಮಾತನ್ನು ಬೇಕೆಂದೇ ಮರೆತಳು. ಬಾಗಿಲಿಗೆ 'ಮುಚ್ಚಿದೆ' ಎಂಬ ಬೋರ್ಡು ತಿರುಗಿಸಿ, ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಬ್ರಶ್ಶಿನಿಂದ ತೆಳ್ಳಗೆ ಡಿಟ್ಯಾನ್ ಪ್ಯಾಕ್ ಬಳಿದಳು.

"ಚುರುಚುರು ಅಂತದೆ."

"ಹಾಗೇ ಇರ್ಬೇಕು ಅತ್ತೆ. ಕೆಲಸ ಮಾಡ್ತಿದೆ ಅಂತ ಅರ್ಥ."

ಒರೆಸಿದಾಗ ಮೇಲಿನ ಒಂದು ಪದರ ಎದ್ದು ಬಂದು, ಕೆಳಗೆ ನಸುಗೆಂಪು ಕಂಡಿತು. ದೇವಿರಮ್ಮ ಕನ್ನಡಿಯಲ್ಲಿ ಕತ್ತು ಅತ್ತ ಇತ್ತ ತಿರುಗಿಸಿ ನೋಡಿಕೊಂಡು ನಕ್ಕರು. ಆಪರೇಷನ್ ಆದಮೇಲೆ ಅವರು ಕನ್ನಡಿ ನೋಡಿ ನಕ್ಕದ್ದು ಅದೇ ಮೊದಲು. ಶಾಲಿನಿಗೆ ಎಷ್ಟು ಹೆಮ್ಮೆಯಾಯಿತೆಂದರೆ ಭಾನುವಾರ ಇನ್ನೊಂದು ಸಲ ಹಚ್ಚಿದಳು.

ಸೋಮವಾರ ಬೆಳಿಗ್ಗೆ ದೇವಿರಮ್ಮನ ಸೆರಗು ಕುತ್ತಿಗೆಗೆ ಅಂಟಿಕೊಂಡಿತ್ತು. ಬಿಡಿಸಿದರೆ ಚರ್ಮವೂ ಜೊತೆಗೆ ಬಂತು. ಅಂಗೈಯಗಲ ಜಾಗ ಹಸಿ ಮಾಂಸದಂತೆ ನೀರೊಸರುತ್ತಿತ್ತು.

ಡಾಕ್ಟರ್ ವಾಗೀಶ ಕುತ್ತಿಗೆ ನೋಡಿದವರೇ ಕುರ್ಚಿಯಿಂದ ಎದ್ದರು. "ಏನು ಹಚ್ಚಿದ್ರಿ ಇದಕ್ಕೆ?"

ಕೋಣೆಯಲ್ಲಿ ಸುನಿಲ್ ಇದ್ದ, ನರ್ಸ್ ವಾಣಿ ಇದ್ದಳು, ಕೃಷ್ಣಪ್ಪ ಇದ್ದರು. ಶಾಲಿನಿ ಬಾಯಿ ತೆರೆದಳು. ವಾಣಿಯ ಕಣ್ಣು ತನ್ನ ಮೇಲೇ ಇತ್ತು. ಅವಳು ತಲೆ ತಗ್ಗಿಸಿ ನೆಲದ ಟೈಲ್ಸು ನೋಡಿದಳು.

"ಅರಿಸಿನ," ಎಂದರು ದೇವಿರಮ್ಮ. "ನಾನೇ ಹಚ್ಕೊಂಡ್ಬುಟ್ಟೆ ಸಾ. ಯಾರ್ಗೂ ಹೇಳ್ದೆ."

ಡಾಕ್ಟರ್ ಚೆನ್ನಾಗಿ ಬೈದರು. ಬೇಡ ಅಂದಿದ್ದನ್ನೇ ಯಾಕೆ ಮಾಡುತ್ತೀರಿ, ಇಷ್ಟು ದಿನದ ಕಷ್ಟ ನೀರಿನಲ್ಲಿ ಹೋಮ ಮಾಡಿದಿರಿ ಎಂದರು. ಕರೆಂಟು ನಿಲ್ಲಿಸಿ, ಚರ್ಮ ಒಣಗುವವರೆಗೆ ಬೇಡ, ತುಂಬಾ ದಿನ ನಿಲ್ಲಿಸಿದರೆ ಗೆಡ್ಡೆ ಮತ್ತೆ ತಲೆ ಎತ್ತಬಹುದು, ಅದನ್ನು ನೆನಪಿಟ್ಟುಕೊಳ್ಳಿ ಎಂದು ಬೇರೆ ಮುಲಾಮು ಬರೆದುಕೊಟ್ಟರು.

ಉಳಿದದ್ದನ್ನು ಮನೆಯವರು ಬೈದರು. ಕೃಷ್ಣಪ್ಪ ಆಟೋದಲ್ಲೇ ಶುರು ಮಾಡಿದವರು ಮನೆ ಮುಟ್ಟಿದರೂ ನಿಲ್ಲಿಸಲಿಲ್ಲ.

"ಕಡ್ಡಿಪುಡಿ ಬ್ಯಾಡ ಕಣೇ ಅಂತ ನಲವತ್ತು ವರ್ಷ ಬಡ್ಕೊಂಡೆ, ಕೇಳ್ಲಿಲ್ಲ! ಅರಿಸಿನ ಬ್ಯಾಡ ಅಂದ್ರು, ಅದೂ ಕೇಳ್ಲಿಲ್ಲ! ನಿನ್ ತಲೇಲಿ ಇರೋದು ಬುದ್ಧಿನೋ ಬೂಸನೋ?"

"ಅಮ್ಮ, ಓದು ಬರಹ ಬರ್ದೇ ಇದ್ರೆ ಗೊತ್ತಿರೋರನ್ನ ಕೇಳ್ಬೇಕು," ಎಂದ ಸುನಿಲ್. "ಶಾಲಿನಿ ಇದಾಳೆ ಮನೇಲಿ. ಅವಳು ಮೂರು ವಾರ ಹೂವಿನಂಗೆ ನೋಡ್ಕೊಂಡ್ಳು. ಒಂದೇ ದಿನದಲ್ಲಿ ಹಾಳ್ ಮಾಡಿದ್ಯಲ್ಲ!"

ಕೃಷ್ಣಪ್ಪ ಅಡುಗೆಮನೆಗೆ ಹೋಗಿ ಅರಿಸಿನದ ಡಬ್ಬಿಯನ್ನೇ ಎತ್ತಿ ಅಟ್ಟದ ಮೇಲಿಟ್ಟರು. ಅಂದಿನಿಂದ ಆ ಮನೆಯ ಹುಳಿ ಬಿಳಿಚಿಕೊಂಡಿತು. ಚಿತ್ರಾನ್ನ ಅನ್ನದ ಬಣ್ಣದಲ್ಲೇ ಇತ್ತು. ಶಾಲಿನಿ ಬೇಗ ಬೇಗ ಬಡಿಸಿ ಅಡುಗೆಮನೆಗೆ ಹೊರಟುಬಿಡುತ್ತಿದ್ದಳು. ಕುಸುಮ ಫೋನಿನಲ್ಲಿ ಅತ್ತು ಕರೆದು, "ಶಾಲಿನೀ, ನೀನೊಬ್ಬಳು ಇದೀಯ ಅಂತ ನನಗೆ ಧೈರ್ಯ ಕಣೆ. ಅಮ್ಮನ ಮೇಲೆ ಒಂದ್ ಕಣ್ಣಿಟ್ಟಿರು," ಎಂದಳು. ಎದುರು ಮನೆಯ ಮಾದೇವಮ್ಮ ಹುಬ್ಬು ತೀಡಿಸಿಕೊಳ್ಳಲು ಬಂದು ಕುರ್ಚಿಯಲ್ಲಿ ಒರಗಿ ಹೇಳಿದರು: "ನಿಮ್ ಅತ್ತೆ ಕಥೆ ಬೀದಿಗೆಲ್ಲ ಗೊತ್ತಾಯ್ತು ಬುಡು. ಹಳ್ಳಿ ಬುದ್ಧಿ. ನಿನ್ನಂಥ ಸೊಸೆ ಸಿಗ್ಬೇಕಾದ್ರೆ ಪುಣ್ಯ ಮಾಡಿರ್ಬೇಕು."

ಶಾಲಿನಿ ದಾರ ಹಿಡಿದು ಹುಬ್ಬು ತೀಡಿದಳು. ಆ ಹೊಗಳಿಕೆಯನ್ನು ಅಲ್ಲಿಯೇ ತಡೆಯಬಹುದಿತ್ತು. ತಡೆಯಲಿಲ್ಲ.

ಎರಡು ದಿನ ಬಿಟ್ಟು ಮುಲಾಮು ಹಚ್ಚುವಾಗ ಮೆಲ್ಲಗೆ ಕೇಳಿದಳು. "ಯಾಕತ್ತೆ ಹಾಗಂದ್ರಿ ಡಾಕ್ಟರ ಹತ್ರ?"

"ಕೇಳಿದ್ದು ನಾನೇ ತಾನೆ. ನಿನ್ ಹೆಸರು ಹೇಳಿದ್ರೆ ನಿನ್ ಪಾರ್ಲರಿಗೆ ಯಾರ್ ಬತ್ತಾರೆ?" ದೇವಿರಮ್ಮ ಕತ್ತು ಇನ್ನೊಂದಿಷ್ಟು ಓರೆ ಮಾಡಿಕೊಟ್ಟರು. "ನೀನೇ ಹೇಳ್ತೀಯೇನೋ ಅಂತ ಒಂದು ಗಳಿಗೆ ಕಾದೆ ಕಣವ್ವ. ನೀನು ನೆಲ ನೋಡ್ತಿದ್ದೆ."

ಶಾಲಿನಿ ಮುಲಾಮಿನ ಮುಚ್ಚಳ ತಿರುಗಿಸಿದಳು. ಹೇಗಾದರೂ ಗಾಯ ಬೇಗ ಒಣಗಿಬಿಟ್ಟರೆ ಈ ಬೈಗುಳವೂ ನಿಲ್ಲುತ್ತದೆ, ತಾನೂ ಉಳಿಯುತ್ತೇನೆ ಎಂದು ಲೆಕ್ಕ ಹಾಕಿದಳು. ಪಾರ್ಲರಿನಲ್ಲಿ ಲೋಳೆಸರದ ಹಸಿರು ಜೆಲ್ಲಿನ ದೊಡ್ಡ ಡಬ್ಬಿಯಿತ್ತು. ಲೋಳೆಸರ ತಂಪು, ಅದು ಯಾರಿಗೆ ಗೊತ್ತಿಲ್ಲ? ಆಸ್ಪತ್ರೆಯ ಮುಲಾಮು ಹಚ್ಚುವ ಮೊದಲು ಬೆಳಿಗ್ಗೆ ಸಂಜೆ ಒಂದಿಷ್ಟು ಜೆಲ್ ಸವರತೊಡಗಿದಳು. ದೇವಿರಮ್ಮ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದರು. ಇದೂ ಆಸ್ಪತ್ರೆಯದೇ ಎಂದು ಅವರು ತಿಳಿದಿದ್ದರು. ಅಲ್ಲ ಎಂದು ಶಾಲಿನಿ ಹೇಳಲಿಲ್ಲ.

ಮುಂದಿನ ಸೋಮವಾರಕ್ಕೆ ಗಾಯ ಒಣಗುವ ಬದಲು ಇನ್ನೂ ಎರಡು ಬೆರಳು ಅಗಲವಾಗಿತ್ತು. ಸುತ್ತ ಸಣ್ಣ ಗುಳ್ಳೆಗಳು.

ಡಾಕ್ಟರ್ ವಾಗೀಶ ಕನ್ನಡಕ ತೆಗೆದು ಹಣೆ ಉಜ್ಜಿಕೊಂಡರು. "ಮತ್ತೆ ಹಚ್ಚಿದ್ರಾ, ಅಮ್ಮ?"

"ಇಲ್ಲ ಸಾ. ನನ್ ಮಕ್ಕಳಾಣೆ ಇಲ್ಲ."

"ಅರಿಸಿನಕ್ಕೆ ಹಿಂಗಾಗಲ್ಲ. ಏನೋ ಹಚ್ತಾನೇ ಇದೀರಿ. ನೋಡಿ ಸುನಿಲ್, ನಾನು ಅಡ್ಮಿಟ್ ಮಾಡ್ಕೋತೀನಿ. ಯಾರಾದ್ರೂ ಕಣ್ಣಲ್ಲಿ ಕಣ್ಣಿಟ್ಟು ಕಾಯ್ಬೇಕು ಇವರನ್ನ. ಇನ್ನೂ ವಾರಗಟ್ಟಲೆ ಕರೆಂಟ್ ನಿಂತ್ರೆ ನಾನು ಜವಾಬ್ದಾರ ಅಲ್ಲ."

ಸುನಿಲ್‌ಗೆ ತಡೆಯಲಾಗಲಿಲ್ಲ. ಬಾಗಿಲು ತೆರೆದೇ ಇತ್ತು, ಹೊರಗೆ ಬೆಂಚಿನ ತುಂಬ ಜನ. "ಯಾಕಮ್ಮ ಹಿಂಗೆ ಮಾಡ್ತೀಯ? ಸಾಯ್ಬೇಕು ಅಂತಾನೇ ಮಾಡ್ತಿದೀಯಾ? ನಮ್ಮ ಮಾನ ತೆಗೀಬೇಕು ಅಂತ ಮಾಡ್ತಿದೀಯಾ? ಕೈ ಕಟ್ ಹಾಕ್ಬೇಕಾ ನಿಂಗೆ?"

ದೇವಿರಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ಕೂತರು. ಕಣ್ಣಿಂದ ಇಳಿದ ನೀರು ಗಾಯಕ್ಕೆ ತಾಗಿ ಉರಿದಿರಬೇಕು, ಮುಖ ಕಿವುಚಿದರು. ಈ ಸಲ ಅವರು ಶಾಲಿನಿಯ ಕಡೆ ನೋಡಲೂ ಇಲ್ಲ. ಅವಳು ಹೇಳಿಯಾಳು ಎಂಬ ಆಸೆಯನ್ನು ಬಿಟ್ಟುಬಿಟ್ಟಿದ್ದರು. ಅದನ್ನು ಕಂಡಾಗ ಶಾಲಿನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಅವರಲ್ಲ," ಎಂದಳು. "ನಾನು."

ಎಲ್ಲರೂ ತಿರುಗಿದರು.

"ಅರಿಸಿನ ಹಚ್ಚೇ ಇಲ್ಲ ಡಾಕ್ಟ್ರೇ. ನಾನು ಡಿಟ್ಯಾನ್ ಪ್ಯಾಕ್ ಹಚ್ಚಿದೆ, ಎರಡು ಸಲ. ಈಗ ದಿನಾ ಜೆಲ್ ಹಚ್ತಿದೀನಿ. ಅದು ಏನು ಅಂತ ಅವರಿಗೆ ಗೊತ್ತಿಲ್ಲ."

"ಡಬ್ಬಿ ಇದೆಯಾ?"

ಎರಡೂ ಡಬ್ಬಿ ಅವಳ ಬ್ಯಾಗಿನಲ್ಲೇ ಇದ್ದವು. ಪ್ಯಾಕಿನದನ್ನು ಕಳೆದ ಸೋಮವಾರದಿಂದ, ಜೆಲ್ಲಿನದನ್ನು ಅಂದು ಬೆಳಿಗ್ಗೆಯಿಂದ, ಹೇಳಿಬಿಡೋಣ ಎಂದು ಒಳಗಿಟ್ಟುಕೊಂಡೇ ತಿರುಗುತ್ತಿದ್ದಳು. ಡಾಕ್ಟರ್ ಹಿಂಬದಿಯ ಸಣ್ಣ ಅಕ್ಷರ ಓದಿ ವಾಣಿಯ ಕೈಗೆ ಕೊಟ್ಟರು. ಪ್ಯಾಕಿನಲ್ಲಿ ಚರ್ಮ ಸುಲಿಯುವ ಆಸಿಡ್ಡು, ಜೆಲ್ಲಿನಲ್ಲಿ ಸ್ಪಿರಿಟ್ಟು, ಸೆಂಟು. ಕರೆಂಟಿಗೆ ಬೆಂದ ಚರ್ಮದ ಮೇಲೆ ಇವೆಲ್ಲ. "ನಾನು ಒಂದು ವಾರದಿಂದ ಇಲ್ಲದ್ದನ್ನ ಹುಡುಕ್ತಿದ್ದೆ," ಎಂದರು. ಶಾಲಿನಿಗೆ ಬೇರೆ ಏನೂ ಹೇಳಲಿಲ್ಲ. ದೇವಿರಮ್ಮನ ಕಡೆ ತಿರುಗಿ, "ಸುಮ್ಮಸುಮ್ಮನೆ ಬೈದ್ಬಿಟ್ಟೆ. ತಪ್ಪು ತಿಳ್ಕೋಬೇಡಿ ಅಮ್ಮ," ಎಂದರು.

ಇನ್ನು ಅಡ್ಮಿಟ್ ಬೇಕಿಲ್ಲ, ಮನೆಯಲ್ಲೇ ನೋಡಿಕೊಳ್ಳಿ ಎಂದರು. ಉಪ್ಪುನೀರಿನಲ್ಲಿ ತೊಳೆಯುವುದು, ಬೆಳ್ಳಿಯ ಅಂಶವಿರುವ ಬಿಳಿ ಮುಲಾಮು, ಅಂಟದ ಪಟ್ಟಿ. ವಾಣಿ ಎಲ್ಲವನ್ನೂ ಸುನಿಲ್‌ಗೆ ಹೇಳಿಕೊಟ್ಟಳು. ಶಾಲಿನಿ ಗೋಡೆ ಪಕ್ಕ ನಿಂತು ಕೇಳಿಸಿಕೊಂಡಳು.

ಮನೆಯಲ್ಲಿ ಬಿರುಗಾಳಿಯೇಳುತ್ತದೆ ಎಂದುಕೊಂಡಿದ್ದಳು. ಏಳಲಿಲ್ಲ. ಸುನಿಲ್ ಆ ದಿನ ಮಾತಾಡಲಿಲ್ಲ, ಮರುದಿನ "ಟೀ ಕೊಡು" ಎಂದ. ಕೃಷ್ಣಪ್ಪ ಸದ್ದಿಲ್ಲದೆ ಅಟ್ಟ ಹತ್ತಿ ಡಬ್ಬಿ ಇಳಿಸಿ ಅದರ ಜಾಗಕ್ಕಿಟ್ಟರು. ಫೋನಿನಲ್ಲಿ ಕುಸುಮ, "ಹೌದಾ," ಎಂದವಳು, "ಪಾಪ, ಒಳ್ಳೇದಾಗ್ಲಿ ಅಂತಾನೇ ಮಾಡಿರ್ತಾಳೆ," ಎಂದು ನಿಶ್ಚಿತಾರ್ಥದ ಮಾತೆತ್ತದೆ, ತವರುಮನೆಯ ನೆಮ್ಮದಿ ಉಳಿಸುವವಳಂತೆ ಮಾತು ಮುಗಿಸಿದಳು. ಯಾರೂ ದನಿ ಎತ್ತಲಿಲ್ಲ. ದೇವಿರಮ್ಮನ ಗಾಯ ಗುರುವಾರದ ಹೊತ್ತಿಗೆ ಅಂಚಿನಿಂದ ಒಣಗತೊಡಗಿತು. ಸೋಮವಾರದಿಂದ ಕರೆಂಟು ಮತ್ತೆ ಶುರು ಮಾಡಬಹುದು ಎಂದರು ಡಾಕ್ಟರ್.

ಅಂದು ಆಸ್ಪತ್ರೆಯಿಂದ ಬಂದು ಊಟಕ್ಕೆ ಕೂತಾಗ ಮಧ್ಯಾಹ್ನ ಮೂರು ಗಂಟೆ. ಮುದ್ದೆ, ಹುರುಳಿಕಾಳಿನ ಸಾರು. ದೇವಿರಮ್ಮನಿಗೆ ಅಂಬಲಿ. ಕೃಷ್ಣಪ್ಪನಿಗೆ ಖುಷಿ.

"ಹೋಗ್ಲಿ ಬುಡು, ಎಲ್ಲ ಒಳ್ಳೇದಾಯ್ತು," ಎಂದು ಮುದ್ದೆ ಮುರಿದರು.

ದೇವಿರಮ್ಮ ಚಮಚ ಕೆಳಗಿಟ್ಟರು. "ಏನು ಹೋಗ್ಲಿ ಬುಡು?"

"ಅದೇ ಕಣೆ, ಆಗಿದ್ದು ಆಗ್ಹೋಯ್ತು."

"ನಾನು ಮಾಡಿದ್ದು ಅಂದ್ಕೊಂಡಾಗ ಎಂಟು ದಿನ ಬೈದ್ರಿ. ತಲೇಲಿ ಬೂಸ ಅಂದ್ರಿ. ಕೈ ಕಟ್ ಹಾಕ್ಬೇಕು ಅಂದ ಇವ್ನು. ಅವಳು ಮಾಡಿದ್ದು ಅಂತ ಗೊತ್ತಾದ್ಮೇಲೆ ಒಬ್ರೂ ತುಟಿ ಬಿಚ್ಲಿಲ್ಲ. ಯಾಕ್ರೀ? ಅವಳು ಓದಿರೋಳು ಅಂತಲಾ? ದುಡಿಯೋಳು ಅಂತಲಾ?" ತೊದಲುವ ಮಾತು ಒಂದೊಂದಾಗಿ ಬಂತು.

ಕೃಷ್ಣಪ್ಪ ತಟ್ಟೆ ನೋಡಿದರು. "ತಪ್ಪಾಯ್ತು ಕಣೆ," ಎಂದರು, ಗಂಟಲಲ್ಲೇ.

"ಕೇಳಿಸ್ಲಿಲ್ಲ. ಬೈವಾಗ ಬೀದಿಗೆಲ್ಲ ಕೇಳ್ತಿತ್ತು."

"ತಪ್ಪಾಯ್ತು!" ಕಂಡಕ್ಟರ್ ಗಂಟಲು ಮನೆಯನ್ನೆಲ್ಲ ತುಂಬಿತು. ಸುನಿಲ್ ಎದ್ದು ಬಂದು ಅಮ್ಮನ ಮಂಡಿಯ ಮೇಲೆ ಕೈಯಿಟ್ಟ. ಹೇಳಲಾಗದೆ ಅತ್ತುಬಿಟ್ಟ.

ಮುಂದಿನ ಸರದಿ ಯಾರದೆಂದು ಶಾಲಿನಿಗೆ ಯಾರೂ ಹೇಳಬೇಕಿರಲಿಲ್ಲ. ಪಾರ್ಲರಿನ ಬಾಗಿಲು ತೆರೆದಿತ್ತು. ಮೆಟ್ಟಿಲ ಮೇಲೆ ಮಾದೇವಮ್ಮ ತಮ್ಮನ ಮಗಳನ್ನು ಕರೆದುಕೊಂಡು ಬಂದು ಕಾಯುತ್ತ ಕೂತಿದ್ದು ಊಟಕ್ಕೆ ಕೂತಲ್ಲಿಂದಲೇ ಕಾಣುತ್ತಿತ್ತು. ಬಾಗಿಲು ಮುಚ್ಚಿ ಬಂದು ಹೇಳಬಹುದಿತ್ತು. ಶಾಲಿನಿ ಮುಚ್ಚಲಿಲ್ಲ. ಎದ್ದು ನಿಂತು, ಬೀದಿಗೆ ಕೇಳುವ ಹಾಗೆ ಹೇಳಿದಳು.

"ನಮ್ಮತ್ತೆ ಅರಿಸಿನ ಹಚ್ಕೊಳ್ಲಿಲ್ಲ. ನಾನು ನನ್ನ ಪಾರ್ಲರಿನ ಪ್ಯಾಕ್ ಹಚ್ಚಿ ಅವರ ಕುತ್ತಿಗೆ ಸುಟ್ಟೆ. ಬೇಡ ಅಂತ ಆಸ್ಪತ್ರೆಯವರು ಹೇಳಿದ್ರೂ ಹಚ್ಚಿದೆ. ಅವರಿಗೆ ಎಲ್ಲರೂ ಬೈವಾಗ ಸುಮ್ನೆ ನಿಂತಿದ್ದೆ. ತಪ್ಪಾಯ್ತು ಅತ್ತೆ."

ಮೆಟ್ಟಿಲ ಮೇಲಿನ ಮಾತು ನಿಂತಿತು. ಶಾಲಿನಿ ಕೈ ತೊಳೆದು ಪಾರ್ಲರಿಗೆ ಹೋಗಿ, "ಬನ್ನಿ ಮಾದೇವಮ್ಮ, ಕೂತ್ಕೊಳ್ಳಿ," ಎಂದಳು.

ಮಾದೇವಮ್ಮ ಹುಡುಗಿಯ ಕೈ ಹಿಡಿದು ಆಗಲೇ ಎದ್ದಿದ್ದರು. "ಇರ್ಲಿ ಬುಡವ್ವ, ಏನೋ ಕೆಲ್ಸ ನೆಪ್ಪಾಯ್ತು. ಇನ್ನೊಂದ್ ದಿನ ಬತ್ತೀವಿ." ಬೀದಿ ದಾಟುವಾಗ ಹುಡುಗಿ ಒಮ್ಮೆ ತಿರುಗಿ ನೋಡಿದಳು, ಮಾದೇವಮ್ಮ ನೋಡಲಿಲ್ಲ.

ಖಾಲಿ ಕುರ್ಚಿಯ ಪಕ್ಕ ಶಾಲಿನಿ ನಿಂತೇ ಇದ್ದಳು. ಇನ್ನು ನಾಳೆ ಯಾರೂ ಬರುವುದಿಲ್ಲ, ನಾಡಿದ್ದೂ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಒಳಗಿಂದ ದೇವಿರಮ್ಮನ ದನಿ ಬಂತು.

"ಶಾಲಿನೀ, ಮುದ್ದೆ ಆರ್ತಾ ಅದೆ. ಬಾ, ಈಗ ಉಣ್ಣು."